ಇಪ್ಪತ್ತು ಕೆಜಿ ಕಲ್ಲು

ನನ್ನ ಭಾವನಿಗೆ ಪೇಟೆಯಲ್ಲಿ ಗುಲಗಂಜಿ ಎಂದೇ ಹೆಸರು. ತೂಕದ ಯಂತ್ರ ರಿಪೇರಿ ಮಾಡುವವರು ಬೇರೆಯವರೂ ಇದ್ದರು. ಆದರೆ ಗುಲಗಂಜಿಯಷ್ಟು ವ್ಯತ್ಯಾಸ ಬಂದರೂ ಇಡೀ ಯಂತ್ರವನ್ನು ಮತ್ತೆ ಬಿಚ್ಚುವವರು ಇವರೊಬ್ಬರೇ. ಅಕ್ಕನ ಗಂಡ ಎಂಬ ಸಲುಗೆಯಲ್ಲಿ ಅಂಗಡಿ ಸೇರಿದ ನಾನು, ಇಪ್ಪತ್ತಾರು ವರ್ಷ ಪಕ್ಕದ ಸ್ಟೂಲಿನಲ್ಲಿ ಕೂತು ಬೈಸಿಕೊಂಡೆ. ಅವರು ಕಲಿಸಿದ್ದನ್ನೆಲ್ಲ ಹಿಂಡಿದರೆ ಉಳಿಯುವುದು ಒಂದೇ ಮಾತು: "ಕಲ್ಲಿಡದೆ ಸ್ಕ್ರೂ ಮುಟ್ಟಬೇಡ." ಕಲ್ಲು ಎಂದರೆ ಇಪ್ಪತ್ತು ಕೆಜಿಯ ಕಬ್ಬಿಣದ ತೂಕ, ಕಬ್ಬಿಣದ್ದಾದರೂ ನಮ್ಮ ಬಾಯಲ್ಲಿ ಅದು ಕಲ್ಲೇ. ಮೊದಲು ಅದನ್ನಿಟ್ಟು ನೋಡಬೇಕು. ಯಂತ್ರ ತಪ್ಪು ತೋರಿಸಿದರೆ ಮಾತ್ರ ಕೈ ಹಾಕಬೇಕು.

ಐವತ್ತೊಂಬತ್ತಕ್ಕೆ ಅವರ ಹೃದಯ ಸೋತಿತು. ಬಿಪಿ ಹತ್ತು ವರ್ಷದಿಂದ ಇತ್ತು. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದರು, ಬೀಡಿಯನ್ನು ಮಾತ್ರ ಒಂದು ದಿನವೂ ಮರೆತವರಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದರು. ಮನೆಗೆ ಕಳಿಸುವ ದಿನ ವಾರ್ಡಿನ ಸಿಸ್ಟರ್ ಅಕ್ಕನನ್ನೂ ನನ್ನನ್ನೂ ಹಾಸಿಗೆಯ ಪಕ್ಕ ನಿಲ್ಲಿಸಿಕೊಂಡು ಹೇಳಿದರು.

"ಹಾರ್ಟಿಗೆ ಪಂಪ್ ಮಾಡೋ ಶಕ್ತಿ ಕಮ್ಮಿ ಆಗಿದೆ. ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತೆ. ಉಪ್ಪು ಕಮ್ಮಿ ಮಾಡಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಊಟದ ತೂಕ ಅಲ್ಲ, ನೀರು. ಆವಾಗ ತಡ ಮಾಡದೆ ಬನ್ನಿ. ಪದೇ ಪದೇ ಅಡ್ಮಿಟ್ ಆಗೋರು ಜಾಸ್ತಿ ದಿನ ಬಾಳಲ್ಲ, ಅದಕ್ಕೇ ಮೊದಲೇ ಬನ್ನಿ ಅಂತಿರೋದು."

"ತೂಕ ನೋಡೋದನ್ನ ನನಗೆ ಹೇಳಿಕೊಡ್ತೀರಾ ತಾಯಿ?" ಎಂದು ಭಾವ ನಕ್ಕರು. ನಾವೂ ನಕ್ಕೆವು. ಸಿಸ್ಟರ್ ಹೇಳಿದ ಕೊನೆಯ ಮಾತಿನಲ್ಲಿ ಅರ್ಧ ಮಾತ್ರ ಅವರ ಕಿವಿಗೆ ಬಿದ್ದಿತ್ತೆಂದು ಆಗ ನಮಗೆ ತಿಳಿಯಲಿಲ್ಲ.

ಅಕ್ಕ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. "ಉಪ್ಪಿಗಿಂತ ರುಚಿಯಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಈಗ ನಿನ್ನ ತಮ್ಮನ್ನ ಬೈಯೋದೂ ಸಪ್ಪೆ ಅನ್ನಿಸ್ತಿದೆ" ಎಂದು ಭಾವ ಗೊಣಗುತ್ತಿದ್ದರು. ಮುಳ್ಳು ತಿರುಗುವ ಹಳೆಯ ಯಂತ್ರವೊಂದನ್ನು ತಾವೇ ಸರಿಮಾಡಿ ಬಚ್ಚಲ ಬಾಗಿಲಲ್ಲಿ ಇಟ್ಟುಕೊಂಡರು. ಏಳು ತಿಂಗಳು ಪುಸ್ತಕದಲ್ಲಿ ಅರವತ್ನಾಲ್ಕರ ಆಚೀಚೆಯೇ ಇತ್ತು.

ಎಂಟನೆಯ ತಿಂಗಳಲ್ಲಿ ಅವರಿಗೆ ಮಲಗಲು ಮೂರು ದಿಂಬು ಬೇಕಾದವು. ಚಪ್ಪಲಿ ಕಾಲಿಗೆ ಹತ್ತಲಿಲ್ಲ. "ಚರ್ಮ ಕುಗ್ಗಿದೆ" ಎಂದರು, ನಾನೂ ಹೂಂಗುಟ್ಟಿದೆ. ಆ ಹೂಂ ಈಗಲೂ ನನ್ನನ್ನು ಚುಚ್ಚುತ್ತದೆ. ಪುಸ್ತಕದಲ್ಲಿ ಅರವತ್ನಾಲ್ಕೇ ಇತ್ತಲ್ಲ, ಗುಲಗಂಜಿ ಬರೆದ ತೂಕವನ್ನು ಅನುಮಾನಿಸುವವರು ಯಾರು?

ಒಂದು ಭಾನುವಾರ ಅವರ ಮನೆಗೆ ಹೋದವನು, ಅಕ್ಕ ಕಾಫಿ ತರುವವರೆಗೆ ಸುಮ್ಮನೆ ಆ ಯಂತ್ರದ ಮೇಲೆ ನಿಂತೆ. ಅರವತ್ತೆಂಟು. ಎರಡು ದಿನದ ಹಿಂದೆ ಅಂಗಡಿಯಲ್ಲಿ ಎಪ್ಪತ್ತೆರಡಿದ್ದೆ. ಕೆಳಗಿಳಿದರೆ ಮುಳ್ಳು ಸರಿಯಾಗಿ ಸೊನ್ನೆಗೇ ಬಂತು. ಯಂತ್ರವನ್ನು ಮಗುಚಿ ನೋಡಿದೆ. ಒಳಗಿನ ಸ್ಕ್ರೂ ತಲೆಯ ಮೇಲೆ ಹೊಸ ಗೀರುಗಳಿದ್ದವು. ಮನೆಯ ಮುಂಭಾಗವೇ ಅಂಗಡಿ. ಹೋಗಿ ಕಲ್ಲು ಹೊತ್ತು ತಂದು ಇಟ್ಟೆ. ಮುಳ್ಳು ಹತ್ತೊಂಬತ್ತನ್ನೂ ಮುಟ್ಟಲಿಲ್ಲ. ಭಾವ ಕುರ್ಚಿಯಿಂದ ನೋಡುತ್ತಿದ್ದರು.

"ಸ್ಕ್ರೂ ತಿರುಗಿಸೋ ಮೊದಲು ಕಲ್ಲಿಟ್ಟು ನೋಡಿದ್ರಾ ಭಾವ?"

"ಸ್ಪ್ರಿಂಗ್ ಸಡಿಲ ಆಗಿತ್ತು ಕಣೋ. ಉಣ್ಣೋದು ಮೊದಲಿನ ಅರ್ಧ, ತೂಕ ಹೇಗೆ ಏರುತ್ತೆ?"

"ಕಲ್ಲಿಟ್ಟು ನೋಡಿದ್ರಾ ಅಂತ ನಾನು ಕೇಳಿದ್ದು."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು. "ಇಲ್ಲ. ಇಟ್ಟಿದ್ರೆ ಯಂತ್ರ ಸರಿ ಇದೆ ಅಂತ ಗೊತ್ತಾಗಿಬಿಡ್ತಿತ್ತು. ಮತ್ತೆ ಮತ್ತೆ ಅಡ್ಮಿಟ್ ಆದ್ರೆ ಬಾಳಲ್ಲ ಅಂದ್ರಲ್ಲ ಸಿಸ್ಟರ್."

ನನಗೆ ಸಿಟ್ಟು ನೆತ್ತಿಗೇರಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂದು ಬಾಯಿಗೆ ಬಂದಂತೆ ಬೈದೆ. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ಬೈಯುತ್ತಲೇ ಅವರ ಕಾಲು ನೋಡಿದೆ. ಬೆರಳು ಒತ್ತಿದಲ್ಲಿ ಗುಳಿ ಹಾಗೇ ಉಳಿಯುತ್ತಿತ್ತು. ನನ್ನ ಸಿಟ್ಟೆಲ್ಲ ಭಯವಾಯಿತು.

ಒಂಬತ್ತು ದಿನದಲ್ಲಿ ಆಸ್ಪತ್ರೆಯವರು ನಾಲ್ಕು ಕೆಜಿಗೂ ಹೆಚ್ಚು ನೀರು ಇಳಿಸಿದರು. ಮನೆಗೆ ಬಂದ ದಿನವೇ ಭಾವ ನನ್ನನ್ನು ಕರೆದು, ಕಲ್ಲಿಟ್ಟು ಯಂತ್ರ ಸರಿಮಾಡಿಸಿ, ಸೀಲು ಒತ್ತುವ ಇಕ್ಕಳ ಕೈಗಿತ್ತರು. ಬಿಚ್ಚಿದರೆ ಗೊತ್ತಾಗಲೆಂದು ಯಂತ್ರಕ್ಕೆ ತಂತಿ ಪೋಣಿಸಿ ಸೀಸದ ಸೀಲು ಒತ್ತುತ್ತೇವೆ.

"ಒತ್ತು. ನನ್ನನ್ನ ನಂಬಬೇಡ" ಎಂದರು. ಇಂಥ ಮಾತು ಅವರ ಬಾಯಲ್ಲಿ ಬಂತಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಒತ್ತಿದೆ.

ಆಮೇಲೆ ಹದಿನಾಲ್ಕು ತಿಂಗಳು ಬದುಕಿದರು. ಎರಡು ಸಲ ಮುಳ್ಳು ಏರಿದಾಗ ತಾವೇ ಫೋನ್ ಮಾಡಿ "ಏರಿದೆ, ಹೊರಡೋಣ" ಎಂದರು; ಎರಡು ಸಲವೂ ಇಂಜೆಕ್ಷನ್ ಹಾಕಿಸಿಕೊಂಡು ಸಂಜೆಗೇ ವಾಪಸಾದೆವು. ಕೊನೆಗೆ ಒಂದು ಬೆಳಿಗ್ಗೆ ಪುಸ್ತಕದಲ್ಲಿ ಅರವತ್ಮೂರು ಮುಕ್ಕಾಲು ಎಂದು ಬರೆದು, ಕುರ್ಚಿಯಲ್ಲಿ ಕೂತು ಕಾಫಿ ಕೇಳಿದರು. ಅಕ್ಕ ಲೋಟ ಹಿಡಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸೋತ ಹೃದಯ ಕೆಲವೊಮ್ಮೆ ಹೀಗೆ ಏಕಾಏಕಿ ನಿಲ್ಲುತ್ತದೆ, ತೂಕ ನೋಡಿದರೆ ತಿಳಿಯುವಂಥದ್ದಲ್ಲ ಎಂದರು ಡಾಕ್ಟರು. ಅಕ್ಕನಿಗೆ ಆ ಮಾತು ಹಿಡಿಸಲಿಲ್ಲ.

ತಿಂಗಳು ಕಳೆದ ಮೇಲೆ ಅವಳು ಆ ಯಂತ್ರವನ್ನು ಎತ್ತಿ ತಂದು ಅಂಗಡಿಯಲ್ಲಿ ನನ್ನ ಮೇಜಿನ ಮೇಲಿಟ್ಟಳು.

"ಕಲ್ಲಿಟ್ಟು ನೋಡು. ಮತ್ತೆ ತಿರುಗಿಸಿದ್ರಾ ಅಂತ. ನಾನು ದಿನಾ ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಾಗದೆ ಹೋಯ್ತಾ?"

ಸೀಲು ಹಾಗೆಯೇ ಇತ್ತು. ಆದರೆ ಇಕ್ಕಳ ಅವರ ಮನೆಯಲ್ಲೇ ಇತ್ತಲ್ಲ. ಇನ್ನೊಂದು ಸೀಲು ಒತ್ತುವುದು ಗುಲಗಂಜಿಗೆ ಯಾವ ಮಹಾ ಕೆಲಸ? ಕಲ್ಲನ್ನೆತ್ತಿದೆ. ಇಟ್ಟೆ. ಮುಳ್ಳು ಏರಿತು, ಆಚೀಚೆ ಅಲುಗಿತು, ಇಪ್ಪತ್ತರ ಗೆರೆಯ ಮೇಲೆ ನಿಂತಿತು.

"ಇಪ್ಪತ್ತು, ಅಕ್ಕ."

ಅವಳು ಬಗ್ಗಿ ತಾನೇ ನೋಡಿದಳು. "ಹಾಗಾದ್ರೆ ನನ್ನಿಂದ ಏನೂ ಮುಚ್ಚಿಟ್ಟಿರಲಿಲ್ಲ" ಎಂದಳು. ಆಮೇಲೆ ಭಾವನ ಸ್ಟೂಲಿನ ಮೇಲೆ ಕೂತು, ಅವರು ಹೋದ ಮೇಲೆ ಮೊದಲ ಸಲ, ಜೋರಾಗಿ ಅತ್ತಳು.