ರಟ್ಟಿನ ಕಾರ್ಡು

ನಾನು ನರ್ಸಾಗಿದ್ದ ಆಸ್ಪತ್ರೆಯ ರೆಕಾರ್ಡ್ ಗುಮಾಸ್ತರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ಬಾಗಿಲಲ್ಲಿ ನಿಂತು ಹೆಸರು ಹೇಳಿದರೆ ಸಾಕು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮೇಜಿಗೆ ಕುಕ್ಕಿ, "ಯಾವ ಜುಂಜಣ್ಣ?" ಅನ್ನೋರು. ಹುಲಿಕುಂಟೆ ಕಡೆಯ ಹಟ್ಟಿಗಳಲ್ಲಿ ಮನೆಗೊಬ್ಬ ಜುಂಜಣ್ಣ ಇದ್ದ.

ಆಗ ವಾರ್ಡು, ಲ್ಯಾಬು, ಇಂಜೆಕ್ಷನ್ ರೂಮು, ಎಲ್ಲಕ್ಕೂ ಬೇರೆ ಬೇರೆ ರಿಜಿಸ್ಟರು. ಒಬ್ಬ ರೋಗಿಗೆ ಒಂದೇ ನಂಬರು, ಅವನು ಎಲ್ಲಿ ಹೋದರೂ ಜೊತೆಗೆ ಹೋಗುವ ಒಂದೇ ಕಾರ್ಡು ಇರಬೇಕು ಅಂತ ಇವರು ಹಳೇ ಕ್ಯಾಲೆಂಡರಿನ ಹಿಂದೆ ನಕ್ಷೆ ಬರೆದರು. ತಾವೇ ರಟ್ಟು ಕತ್ತರಿಸಿ ಕಾರ್ಡು ಮಾಡಿ ಹಂಚಿದರು. ಡಾಕ್ಟರು ಆಮೇಲೆ ನೋಡೋಣ ಅಂದರು. ಕಾಂಪೌಂಡರು ಅದರ ಮೇಲೆ ಟೀ ಲೋಟ ಇಟ್ಟ. ನಾನೂ, "ಬರೆಯೋಕೆ ಪುರುಸೊತ್ತೆಲ್ಲಿದೆ ಸಾರ್?" ಅಂದೆ.

"ಒಬ್ಬನ್ನ ಸಾಯಿಸ್ಬುಡಿ ಕಣಮ್ಮ, ಆಮ್ಯಾಕೆ ಪುರುಸೊತ್ತು ಸಿಗ್ತದೆ."

ಕಾಲಿಗೆ ಮುಳ್ಳು ನಟ್ಟು ಕೀವಾಗಿದ್ದ ಕುರಿಗಾಹಿ ಜುಂಜಣ್ಣ ಬಂದ. ಅವನಿಗೆ ಪೆನಿಸಿಲಿನ್ ಆಗದು ಅಂತ ವಾರ್ಡಿನ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಇಂಜೆಕ್ಷನ್ ರೂಮಿನ ನನ್ನ ರಿಜಿಸ್ಟರಿನಲ್ಲಿ ಇದ್ದದ್ದು, ಅದೇ ಇಂಜೆಕ್ಷನ್ ತಗೊಂಡು ನಡೆದುಹೋಗಿದ್ದ ಇನ್ನೊಬ್ಬ ಜುಂಜಣ್ಣ. ನಾನು ಅದನ್ನೇ ನೋಡಿ ಚುಚ್ಚಿದೆ. ಅವನು ಬೆಂಚಿನಿಂದ ಏಳಲಿಲ್ಲ.

ವಿಚಾರಣೆಗೆ ಬಂದ ಸಾಹೇಬರು ಡಾಕ್ಟರನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ದಾಖಲೆ ಸರಿಯಾಗಿಟ್ಟಿಲ್ಲವೆಂದು ಮೆಮೋ ಕೊಟ್ಟಿದ್ದು ಗುಮಾಸ್ತರಿಗೆ. ನಾವೆಲ್ಲ ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ. "ಜುಂಜಣ್ಣನ ವಿವರ ಇಂಜೆಕ್ಷನ್ ರೂಮಿಗೆ ಯಾಕೆ ಕಳಿಸಲಿಲ್ಲ?" ಎಂದು ಮೆಮೋದಲ್ಲಿತ್ತು. ಗುಮಾಸ್ತರು ಪೆನ್ಸಿಲ್ ತೆಗೆದು, ಅದರ ಕೆಳಗೇ ಎರಡು ಪದ ಬರೆದು ಸಹಿ ಹಾಕಿದರು.

ಯಾವ ಜುಂಜಣ್ಣ?