ಕಾಕಾ ಅಂಟಿಸಿದ ಚೀಟಿ

ಮೊನ್ನೆ ಅಂಗಡಿಯ ಮೇಜು ಸರಿಸಿ ಕಸ ಹೊಡೆಯುವಾಗ ಗೋಡೆಯ ಬುಡದಲ್ಲಿ ಒಂದು ಚೀಟಿ ಸಿಕ್ಕಿತು. ಅಂಚಿನಲ್ಲಿ ವಿಭೂತಿ ಬೆರಳಿನ ಗುರುತು. ಓದಿದ್ದೇ ತಡ, ಮೈಯೆಲ್ಲ ಉರಿಯಿತು.

‘ಡಿಸ್ಕ್ ಇಲ್ಲ ಅಂದ್ರ ಬಂದ್ ಮಾಡಬ್ಯಾಡ್ರಿ. ಹತ್ತು ಸಲ ಓಂ ನಮಃ ಶಿವಾಯ ಅನ್ರಿ. ಆಮ್ಯಾಲೆ ರೀಸ್ಟಾರ್ಟ್ ಒತ್ತರಿ.’

ಬರೆದವರು ಘೋಡಗೇರಿಯಿಂದ ಮೊಪೆಡ್ ಮೇಲೆ ಬರುತ್ತಿದ್ದ ರಿಪೇರಿ ಕಾಕಾ. ಕೊಣ್ಣೂರಿನಲ್ಲಿ ನಾನೂ ಅಣ್ಣನೂ ಲಗ್ನಪತ್ರಿಕೆ ಮಾಡುವ ಅಂಗಡಿ ಇಟ್ಟಿದ್ದೇವೆ. ಆಗಿನ ಕಂಪ್ಯೂಟರಿನ ಹಳೆಯ ಡಿಸ್ಕಿನಲ್ಲಿ ಅವ್ವ ಹಾಡಿದ ಬೀಸುಕಲ್ಲಿನ ಪದಗಳಿದ್ದವು... ಅವ್ವ ತೀರಿಕೊಂಡ ಮೇಲೆ ಅವಳ ದನಿ ಉಳಿದಿದ್ದು ಅದೊಂದೇ ಕಡೆ.

ಒಂದು ಮುಂಜಾನೆ ಗುಂಡಿ ಒತ್ತಿದರೆ ಡಿಸ್ಕ್ ಸಿಗಲಿಲ್ಲ ಎಂದು ಪರದೆಯ ಮೇಲೆ ಬಂತು. ಕಾಕಾ ಬಂದು ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತರು.

“ಡಿಸ್ಕಿಗೆ ಏನೂ ಆಗಿಲ್ಲ ತಂಗಿ. ವಯಸ್ಸಾಗೈತಿ, ತಿರಗಾಕ ತಡಾ ಮಾಡತೈತಿ. ಅಷ್ಟರಾಗ ಕಂಪ್ಯೂಟರ ಹಾಜರಿ ಕರದು, ಓ ಅನ್ನಲಿಲ್ಲಂದ್ರ ಗೈರಹಾಜರ ಬರದಬಿಡತೈತಿ.”

ಸೆಟ್ಟಿಂಗಿನಲ್ಲಿ ಹತ್ತು ಸೆಕೆಂಡು ಕಾಯುವಂತೆ ಮಾಡಿದರು. ಅವ್ವ ಮತ್ತೆ ಹಾಡಿದಳು. ಒಳಗಿನ ಸಣ್ಣ ಸೆಲ್ ಮುಗಿದರೆ ಈ ಸೆಟ್ಟಿಂಗ್ ಅಳಿಸಿಹೋಗುತ್ತದೆ ಎಂದು ಹೇಳಿ, ಆಗ ಮಾಡಬೇಕಾದ್ದನ್ನು ಈ ಚೀಟಿಯಲ್ಲಿ ಬರೆದು ಅಂಟಿಸಿದರು. ಹಾಡುಗಳದೊಂದು ಕಾಪಿ ತೆಗೆದು ತಮ್ಮ ಮನೆಯಲ್ಲಿಡಲೇ ಎಂದೂ ಕೇಳಿದರು.

“ನಮ್ಮವ್ವನ ದನಿ ಮಂದಿ ಮನಿಗೆ ಯಾಕ?” ಎಂದ ಅಣ್ಣ. ಎಂಥ ದೊಡ್ಡ ಮಾತು! ನನ್ನ ಬಾಯಿಗೇನು ಬಂದಿತ್ತು ರೋಗ, ತೆಗೆದಿಡಲಿ ಬಿಡು ಅನ್ನಲಿಕ್ಕೆ?

ವರ್ಷದ ಮೇಲೆ ಸೆಲ್ ಮುಗಿಯಿತು. ಮತ್ತೆ ಅದೇ ಪರದೆ. ಅಣ್ಣ ಸಿಟ್ಟಿನಿಂದ ಬಂದ್ ಮಾಡಿದ, ಚಾಲೂ ಮಾಡಿದ, ಮತ್ತೆ ಬಂದ್ ಮಾಡಿದ. ಬಂದ್ ಮಾಡಿದಾಗಲೆಲ್ಲ ಡಿಸ್ಕು ನಿಂತು, ಮೊದಲಿನಿಂದ ತಿರುಗಬೇಕಾಗುತ್ತಿತ್ತು. ಚೀಟಿ ಎಲ್ಲೋ ಬಿದ್ದುಹೋಗಿತ್ತು. ಆದರೆ ಅದರಲ್ಲಿದ್ದದ್ದು ನನಗೆ ಬಾಯಿಪಾಠವಾಗಿತ್ತು.

“ತಡಿ, ಕಾಕಾನ್ನ ಕರಿಯೂನು,” ಎಂದೆ.

“ಮಂತ್ರಾ ಹೇಳಿ ರಿಪೇರಿ ಮಾಡಾವನ್ನ?” ಎಂದು ನಕ್ಕ. ಆ ನಗೆಗೆ ನಾಚಿ, ಕೈಗೆತ್ತಿಕೊಂಡ ಫೋನು ಕೆಳಗಿಟ್ಟೆ. ಅಣ್ಣ ಹತ್ತರಗಿಯ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಹೊಸ ಡಿಸ್ಕು ಹಾಕಿಸಿ, ಹಳೆಯದು ಕೆಟ್ಟೇಹೋಯಿತೆಂದು ಅಲ್ಲೇ ಗುಜರಿ ಬುಟ್ಟಿಗೆ ಎಸೆದು ಬಂದ.

ಎಂಟು ದಿನಕ್ಕೆ ಕಾಕಾ ಬಂದರು. ವಿಷಯ ಕೇಳಿ ಚಹಾ ಕೂಡ ಕುಡಿಯದೆ ಹತ್ತರಗಿಗೆ ಹೊರಟರು. ಸಂಜೆ ಬರಿಗೈಯಲ್ಲಿ ತಿರುಗಿ ಬಂದರು. ಗುಜರಿ ಕೆದಕುವಾಗ ತಗಡು ಬೆರಳು ಕೊಯ್ದಿತ್ತು.

“ಸಿಗಲಿಲ್ಲ ತಂಗಿ,” ಎಂದರು, ಅಷ್ಟೇ. ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ...

ಕಾಕಾ ತೀರಿಹೋಗಿ ನಾಲ್ಕು ವರ್ಷವಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ಬಂದು ಏನು ಮಾಡುವುದು? ಈಗಿನ ಕಂಪ್ಯೂಟರು ಗುಂಡಿ ಒತ್ತಿದರೆ ಸಾಕು, ತೆರೆದುಕೊಳ್ಳುತ್ತದೆ. ಮೊನ್ನೆ ಸಿಕ್ಕ ಚೀಟಿಯನ್ನು ಅದರ ನೆತ್ತಿಗೇ ಅಂಟಿಸಿದೆ.

“ಇದ್ಯಾಕ ಈಗ?” ಎಂದ ಅಣ್ಣ.

“ಹತ್ತು ಸಲ ಅನ್ನು, ಆಮ್ಯಾಲೆ ಹೇಳತೇನಿ.”

ಅವನು ಶುರುಮಾಡಿದ. ಆರಕ್ಕೇ ನಿಲ್ಲಿಸಿ ಚೀಟಿಯ ಅಂಚಿನ ವಿಭೂತಿ ಗುರುತು ಸವರಿದ. ಉಳಿದ ನಾಲ್ಕನ್ನು ನಾನು ಅಂದೆ.

“ಅವತ್ತ ಡಿಸ್ಕ್ ತಿರಗೂತನಕ ಇಷ್ಟ ಹೊತ್ತು ಕಾಯಬೇಕಾಗಿತ್ತ ನೋಡು ನಾವು,” ಎಂದೆ.