ಅಕ್ಕೋರು ಕಲಿಸಿದ ‘ವೋಂಟ್’

ಕೊಕ್ಕರೆಯಂಥ ತೆಳ್ಳನೆಯ ಕುತ್ತಿಗೆ. ಅದರೊಳಗಿಂದ ಬರುವ ದನಿ ಮಾತ್ರ, ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರು ಕೂಗುವ ಕಂಡಕ್ಟರನದು. ಟೀಚರಮ್ಮನನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಈ ಅಕ್ಕೋರು ದರ್ಜಿ ಅಂಗಡಿಯ ಮಹಡಿಯಲ್ಲಿ ನಮ್ಮಂಥ ದೊಡ್ಡವರಿಗೆ ಸಂಜೆ ಇಂಗ್ಲಿಷ್ ಮಾತು ಕಲಿಸುತ್ತಿದ್ದರು. ನಾನು ಮೆಣಸುಕಾಳಿನ ವ್ಯಾಪಾರಿ. ಮುಂಬೈಯ ಖರೀದಿದಾರರೆದುರು ಫೋನಿನಲ್ಲಿ ಸೋಲುತ್ತಿದ್ದೆನೆಂದು ಸೇರಿಕೊಂಡೆ.

ನಮ್ಮ ಸೀಮೆಯಲ್ಲಿ ಮುಖಕ್ಕೆ ಒಲ್ಲೆ ಎನ್ನುವ ಪದ್ಧತಿಯಿಲ್ಲ. ‘ನೋಡ್ವ’ ಎನ್ನುತ್ತೇವೆ, ಕೇಳಿದವರು ಅರ್ಥಮಾಡಿಕೊಂಡು ಚಾ ಕುಡಿದು ಏಳುತ್ತಾರೆ. ಅದನ್ನೇ ನಾನು ಮುಂಬೈಯವನಿಗೆ ‘ವೀ ವಿಲ್ ಸೀ’ ಎಂದೆ. ಅವನು ಒಪ್ಪಿಗೆಯೆಂದು ತಿಳಿದು ಲಾರಿಯನ್ನೇ ಕಳಿಸಿಬಿಟ್ಟ.

ಇದನ್ನು ಹೇಳಿದಾಗ ಅಕ್ಕೋರು ನಕ್ಕು ಬೋರ್ಡಿನ ಮೇಲೆ ಎರಡು ಪದ ಬರೆದರು.

“ಕಾಂಟ್ ಅಂದ್ರೆ ಕೈಲಿ ಆಗ್ತಿಲ್ಲೆ. ವಿಲ್ ನಾಟ್ ಕೂಡಿ ವೋಂಟ್, ಅಂದ್ರೆ ಆಗ್ತು, ಆದ್ರೆ ಒಲ್ಲೆ. ಕಾಂಟ್ ಅಂದ್ರೆ ಎದುರಿನವ ಒಂದು ದಾರಿ ಹುಡುಕಿ ಕೊಡ್ತ. ವೋಂಟ್ ಅಂದ್ರೆ ಸುಮ್ಮನಾಗ್ತ. ನಿಂಗೆ ಯಾವ್ದು ಬೇಕು ಹೇಳು, ಸಾವ್ಕಾರಾ?”

ವ್ಯಾಪಾರಕ್ಕಿಳಿಯುವವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ನನ್ನಲ್ಲಿಲ್ಲ. ‘ಐ ವೋಂಟ್’ ಎಂದು ಮೆಲ್ಲಗೆ ಹೇಳಿ, ಬಾಯಿ ಮುಚ್ಚಿ ಕೂರಿ. ದರ ತಾನಾಗಿ ಏರುತ್ತದೆ.

ಕಳೆದ ವರ್ಷ ಅಕ್ಕೋರ ಗಂಟಲಲ್ಲಿ ಗಡ್ಡೆ ಕಂಡಿತು. ಆಪರೇಷನ್ ಮಾಡಿದರೆ ಬದುಕುತ್ತಾರೆ, ದನಿ ಮಾತ್ರ ಪೂರ್ತಿ ಹೋಗುತ್ತದೆ ಎಂದರು ಹುಬ್ಬಳ್ಳಿಯ ಡಾಕ್ಟರು. ಅಕ್ಕೋರು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕರೆದೊಯ್ಯುವವರಿಲ್ಲ, ಅದಕ್ಕೇ ಹೀಗೆ ಎಂದುಕೊಂಡು ನಾನೇ ಹೋಗಿ ಚೌಕಾಸಿಗೆ ಕೂತೆ.

“ಹುಬ್ಬಳ್ಳಿಗೆ ಗಾಡಿ ಆನು ತರ್ತೆ, ಅಕ್ಕೋರೆ. ಯನ್ನ ಹೆಂಡ್ತಿ ಜೊತೆಗೆ ಉಳೀತು. ಮತ್ತೆಂತ ಅಡ್ಡಿ?”

ಅವರು ನನ್ನ ಕೈಮೇಲೆ ಕೈಯಿಟ್ಟರು. ದನಿ ಆಗಲೇ ಸೀಳಿತ್ತು.

“ಕಾಂಟ್ ಅಲ್ದೋ ತಮಾ. ವೋಂಟ್.”

ನಾನು ಚಾ ಕುಡಿದು ಎದ್ದೆ.

ದೀಪಾವಳಿಯವರೆಗೂ ತರಗತಿ ನಡೆಸಿದರು. ಆಮೇಲೆ ಗಡ್ಡೆಯೇ ದನಿಯನ್ನು ನುಂಗಿತು. ತೀರಿಕೊಳ್ಳುವ ಹಿಂದಿನ ದಿನ ನಾನು ಹೋಗಿದ್ದೆ. ಸುಮ್ಮನಾದರೆ ಅವರ ಉಸಿರಿನ ಸದ್ದು ಕೇಳುತ್ತಿತ್ತು. ಅದಕ್ಕೇ ಮೆಣಸಿನ ದರ, ಪೇಟೆಯ ಸುದ್ದಿ, ಮಗಳ ಶಾಲೆ ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಏಳಲು ಹೋದರೆ ಅಂಗಿಯ ತುದಿ ಹಿಡಿದು, ಇನ್ನೂ ಹೇಳು ಎಂಬಂತೆ ಗದ್ದ ಎತ್ತಿದರು. ಮತ್ತೆ ಕೂತೆ. ಬೇಕೆಂದೇ ಇಂಗ್ಲಿಷಿನಲ್ಲಿ ಹೇಳತೊಡಗಿದೆ, ಸಾಲುಸಾಲು ತಪ್ಪು ಮಾಡುತ್ತ. ಅವರ ತುಟಿ ಪ್ರತಿ ಸಲ ಅಲುಗಿತು. ತಿದ್ದಲು ದನಿ ಬರಲಿಲ್ಲ.